ಶುಶ್ರೂಷೆ ಎಂದರೆ ಕೇಳುವ ಇಚ್ಛೆ

ಶ್ರಾವಣ ಮಾಸದ ಪುರಾಣ ಪ್ರವಚನ ಮುಗಿದು ಮಂಗಳಾರತಿಯಾದ ಬಳಿಕ ಸದ್ಭಕ್ತರು ಪ್ರಸಾದ ಸ್ವೀಕರಿಸಿ ಒಬ್ಬೊಬ್ಬರಾಗಿ ಮನೆಗೆ ತೆರಳುವರು. ಆದರೆ ಇಬ್ಬರೋ ಮೂವರೋ ಕಂಬದ ಬಳಿ ನಿಂತೇ ಇರುವರು. ಅವರ ಕೈಯಲ್ಲೊಂದು ಚೀಲ, ಅದರೊಳಗೆ ಆಸ್ಪತ್ರೆಯ ಕಾಗದಪತ್ರಗಳು. ನಮ್ಮ ನಾಲವಾರದಿಂದ ಉತ್ತರಕ್ಕೆ ಹೊರಟರೆ ವಾಡಿ, ಶಹಾಬಾದ, ಕಲಬುರಗಿ, ಸೊಲ್ಲಾಪುರ. ದಕ್ಷಿಣಕ್ಕೆ ಯಾದಗಿರಿ, ರಾಯಚೂರು. ವಾಡಿಯಲ್ಲಿ ಗಾಡಿ ಬದಲಿಸಿದರೆ ಚಿತ್ತಾಪುರ, ಸೇಡಂ ಮಾರ್ಗವಾಗಿ ಹೈದರಾಬಾದು. ಈ ಭಾಗದ ರೋಗಿಗಳ ಯಾತ್ರೆ ಬಹುಮಟ್ಟಿಗೆ ಈ ಹಳಿಗಳ ಮೇಲೆಯೇ ಸಾಗುತ್ತದೆ. ಹಾಗೆ ಹೋಗಿಬಂದವರು ನನ್ನೆದುರು ಕಾಗದ ಹಿಡಿದು, "ಶಾಸ್ತ್ರಿಗಳೆ, ಇದರ ಮ್ಯಾಲ ಸಹಿ ಮಾಡಬೇಕಂತರಿ, ಮಾಡ್ಲೋ ಬ್ಯಾಡೋ ನೀವೇ ಹೇಳ್ರಿ" ಎನ್ನುವರು. ಬಾಲ್ಯದಿಂದ ಮಠದ ಪಾಠಶಾಲೆಯ ಅನ್ನವುಂಡು ನಾಲ್ಕಕ್ಷರ ಕಲಿತವನಿಗೆ ಎಲ್ಲವೂ ತಿಳಿದಿರುತ್ತದೆಂಬುದು ಹಳ್ಳಿಯವರ ನಂಬಿಕೆ. ನನಗೂ ಬಹಳ ಕಾಲ ಹಾಗೆಯೇ ಅನಿಸಿತ್ತು. ಆ ಭ್ರಮೆ ಹರಿದ ಬಗೆಯನ್ನು ಇಂದು ವಾಚಕರೆದುರು ಒಪ್ಪಿಕೊಳ್ಳಬೇಕಾಗಿದೆ.

2019ನೆಯ ಇಸವಿಯ ಮಾತು. ನನ್ನ ಹಿರಿಯಕ್ಕನಿಗೆ ಆಗ ಎಪ್ಪತ್ತೆರಡು ವರ್ಷ. ಭಾವನವರು ಶಹಾಬಾದಿನ ಪರಸಿ ಗಣಿಯಲ್ಲಿ ದುಡಿದು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾಗಿದ್ದವು. ಮಗ ಸಿಮೆಂಟ್ ಕಾರ್ಖಾನೆಯ ಕೆಲಸದಲ್ಲಿದ್ದನು. ಅವನ ಪಾಳಿ ಹಗಲಾದರೆ ಹಗಲು, ಇರುಳಾದರೆ ಇರುಳು. ಅಕ್ಕನ ಊಟ, ಸ್ನಾನ, ಔಷಧ, ಪೂಜೆಯ ಸಿದ್ಧತೆ ಎಲ್ಲವೂ ಸೊಸೆಯ ಪಾಲಿಗೆ ಬಂದಿತ್ತು. ಹೊಟ್ಟೆನೋವೆಂದು ಆರಂಭವಾದುದು ತಿಂಗಳುಗಟ್ಟಲೆ ಬಿಡದಿರಲು ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಗಂಡಸರಾದ ನಮ್ಮನ್ನು ಹೊರಗೆ ಕರೆದು, ಕ್ಯಾನ್ಸರ್ ಕರುಳಿನಿಂದ ಯಕೃತ್ತಿಗೂ ಹರಡಿದೆ, ಪೂರ್ಣ ಗುಣವಾಗುವ ಆಸೆಯಿಲ್ಲ, ಕರುಳಿನ ಅಡ್ಡಿಯನ್ನು ನಿವಾರಿಸಲು ಒಂದು ಶಸ್ತ್ರಕ್ರಿಯೆ ಮಾಡಬಹುದು, ಆದರೆ ಈ ವಯಸ್ಸಿನಲ್ಲಿ ಅಪಾಯವುಂಟು ಎಂದು ಬಿಚ್ಚಿ ಹೇಳಿದರು. "ರೋಗಿಗೂ ತಿಳಿಸಿ, ಅವರ ಒಪ್ಪಿಗೆ ಬೇಕು" ಎಂದೂ ಹೇಳಿದರು.

ನಾವು ತಿಳಿಸಲಿಲ್ಲ. "ಅಕ್ಕನ ಎದೆ ಒಡೆದೀತು, ಯಾರೂ ಬಾಯಿ ಬಿಡಬೇಡಿ" ಎಂದು ಆಣೆ ಹಾಕಿದವನು ನಾನೇ. ಒಪ್ಪಿಗೆಯ ಪತ್ರವನ್ನು ಒಳಗೊಯ್ದು, "ಹೊಟ್ಯಾಗ ಸಣ್ಣ ಗಂಟದಂತ, ತೆಗೀತಾರ, ನಾಲ್ಕು ದಿನಕ್ಕ ಮನಿಗಿ ಹೋಗೋಣ" ಎಂದೆನು. ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಕೆ ಓದುಬರಹ ಬಲ್ಲವಳು; ಆದರೂ ಕಾಗದವನ್ನು ಓದಲಿಲ್ಲ. "ತಮ್ಮಾ, ನೀ ಹೇಳ್ದಿ ಅಂದ್ರ ಆಯ್ತು" ಎಂದು ಸಹಿ ಹಾಕಿದಳು. ಪಕ್ಕದಲ್ಲಿದ್ದ ನರ್ಸ್ ಬಾಯಿಯವರು ಪತ್ರವನ್ನು ತೆಗೆದುಕೊಳ್ಳದೆ ಕ್ಷಣಕಾಲ ನಿಂತು, ಬಾಗಿಲಾಚೆ ಬಂದು ಮೆಲ್ಲಗೆ ಕೇಳಿದರು: "ಶಾಸ್ತ್ರಿಗಳೆ, ಅಮ್ಮನವರಿಗಿ ಎಲ್ಲಾ ಹೇಳೀರೇನ್ರಿ?" ನಾನು "ಹೇಳೀನಿ" ಎಂದೆನು. ಸತ್ಯಶುದ್ಧ ನಡೆನುಡಿಯನ್ನು ಕುರಿತು ನಾಲ್ಕು ದಶಕ ಪ್ರವಚನ ಮಾಡಿದ ನಾಲಗೆ ಎರಡು ಗಳಿಗೆಯಲ್ಲಿ ಎರಡು ಸುಳ್ಳು ನುಡಿಯಿತು.

ಶಸ್ತ್ರಕ್ರಿಯೆಯ ದಿನ ಮೈಮೇಲಿನ ಬೆಳ್ಳಿಬಂಗಾರವನ್ನೆಲ್ಲ ತೆಗೆಯಬೇಕಾಯಿತು. ಅಕ್ಕನ ಕೊರಳಲ್ಲಿ ಬೆಳ್ಳಿಯ ಕರಡಿಗೆಯಿತ್ತು. ಅದೇ ನರ್ಸ್ ಬಾಯಿಯವರು, ನಮ್ಮ ಮತದವರಲ್ಲದಿದ್ದರೂ, ತಾವಾಗಿ ಕೈ ಹಚ್ಚಲಿಲ್ಲ. ವೈದ್ಯರ ಅನುಮತಿ ಕೇಳಿಬಂದು, ಇಷ್ಟಲಿಂಗವನ್ನು ಅಕ್ಕನ ಕೈಯಿಂದಲೇ ಶುಭ್ರವಾದ ವಸ್ತ್ರದಲ್ಲಿ ಕಟ್ಟಿಸಿ ತೋಳಿಗೆ ಬಿಗಿದರು. ಬಳಿಕ, "ಅಮ್ಮಾ, ಈ ಬೆಳ್ಳೀದು ಯಾರ ಕೈಯಾಗ ಕೊಡ್ಲಿ?" ಎಂದು ಕೇಳಿದರು. ಹಾಸಿಗೆಯ ಸುತ್ತ ಮಗನಿದ್ದನು, ಪಂಡಿತನಾದ ತಮ್ಮನಿದ್ದನು. ಅಕ್ಕ ನಮ್ಮಿಬ್ಬರನ್ನೂ ದಾಟಿ ಬಾಗಿಲಲ್ಲಿ ನಿಂತ ಸೊಸೆಯತ್ತ ಕೈ ತೋರಿದಳು. ಆ ಹದಿನೈದು ದಿನಗಳಲ್ಲಿ ಅಕ್ಕನನ್ನು ನೇರವಾಗಿ ಒಂದು ಪ್ರಶ್ನೆ ಕೇಳಿ, ಆಕೆಯ ಉತ್ತರದಂತೆ ನಡೆದವರು ಆ ನರ್ಸ್ ಬಾಯಿ ಒಬ್ಬರೇ.

ಶಸ್ತ್ರಕ್ರಿಯೆಯ ಮರುದಿನ ಉಸಿರಾಟ ಕೆಟ್ಟಿತು. ತೀವ್ರ ನಿಗಾ ಘಟಕ, ಗಂಟಲಲ್ಲಿ ನಳಿಗೆ, ವೆಂಟಿಲೇಟರ್. ಮಾತು ನಿಂತುಹೋಯಿತು. ಮೂರನೆಯ ದಿನ ಮೊಗಸಾಲೆಯ ಬೆಂಚಿನ ಮೇಲೆ ಕುಳಿತಿದ್ದ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತ ಹೇಳಿದಳು: "ಅತ್ತಿ ದೀಪಾವಳಿ ಆದಾಗೇ ನನಗ ಹೇಳಿದ್ರು. ನನಗೇನಾಗ್ಯಾದ ಅಂತ ನನಗ ಗೊತ್ತದ, ಮೂಗಿನಾಗ ಬಾಯಾಗ ನಳಗಿ ಹಾಕಿಸಬ್ಯಾಡ್ರಿ, ಮನ್ಯಾಗೇ ಕೈಯಾಗ ಲಿಂಗ ಹಿಡ್ಕೊಂಡು ಹೋಗ್ತೀನಿ ಅಂದಿದ್ರು." ನಾನು ಸಿಟ್ಟಿನಿಂದ, "ಮತ್ತ ನೀ ಯಾಕ ಹೇಳಲಿಲ್ಲ?" ಎಂದೆನು. ಆಕೆ ತಲೆಯೆತ್ತದೆ ಅಂದಳು: "ಮಾವಾರ, ನನಗ ಯಾರು ಕೇಳಿದ್ರಿ?"

ಹನ್ನೊಂದನೆಯ ದಿನ ಅಕ್ಕ ಯಂತ್ರಗಳ ನಡುವೆಯೇ ಲಿಂಗೈಕ್ಯಳಾದಳು. ಅಷ್ಟು ದಿನ ಯಂತ್ರವನ್ನು ಮುಂದುವರಿಸೋಣವೆಂದು ಹಟ ಹಿಡಿದವನೂ ನಾನೇ. ನಿಲ್ಲಿಸುವುದು ಪಾಪ, ಕಾನೂನಿಗೂ ವಿರುದ್ಧ ಎಂದು ಎಲ್ಲರಿಗೂ ಉಪದೇಶಿಸಿದ್ದೆನು. ಕಾನೂನು ಏನು ಹೇಳುತ್ತದೆಂಬುದನ್ನು ನಾನು ಒಂದಕ್ಷರವೂ ಓದಿರಲಿಲ್ಲ.

ಕ್ರಿಯಾಕರ್ಮಗಳು ಮುಗಿದ ಮೇಲೆ ಚಿತ್ತಾಪುರದಲ್ಲಿ ವಕೀಲಿ ಮಾಡುವ ನನ್ನ ಹಳೆಯ ಶಿಷ್ಯನೊಬ್ಬನ ಬಳಿ ಹೋದೆನು. ಆತನು ತೀರ್ಪುಗಳನ್ನು ತೆಗೆದು ಕನ್ನಡದಲ್ಲಿ ವಿವರಿಸಿದನು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿಯೇ ಸ್ಪಷ್ಟಪಡಿಸಿತ್ತು: ರೋಗಿಯ ಒಪ್ಪಿಗೆಯು ನಿಜವಾದ ಒಪ್ಪಿಗೆಯಾಗಬೇಕಾದರೆ ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಅಪಾಯ, ಬೇರೆ ದಾರಿಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವಿಷ್ಟನ್ನೂ ಆ ರೋಗಿಗೆ ತಿಳಿಸಿರಬೇಕು. ಆ ಪ್ರಕರಣದಲ್ಲಿ ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ದೊಡ್ಡ ಶಸ್ತ್ರಕ್ರಿಯೆಗೆ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆಯಲಾಗಿತ್ತು. ಕೂಡಲೇ ಪ್ರಾಣಕ್ಕೆ ಅಪಾಯವಿಲ್ಲದಿರುವಾಗ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕಳ ಪರವಾಗಿ ತಾಯಿಯ ಒಪ್ಪಿಗೆಯೂ ಸಲ್ಲದೆಂದು ನ್ಯಾಯಾಲಯ ಹೇಳಿತು. ಹೆತ್ತ ತಾಯಿಯ ಮಾತೇ ಸಲ್ಲದಿರುವಲ್ಲಿ, ಸುಳ್ಳು ಹೇಳಿ ಸಹಿ ಪಡೆದ ತಮ್ಮನ ಸ್ಥಾನವೇನು? ಅಕ್ಕನ ಸಹಿ ಕಾಗದದ ಮೇಲಿತ್ತು. ಒಪ್ಪಿಗೆ ಮಾತ್ರ ಇರಲಿಲ್ಲ.

ಬಳಿಕ ಆತನು ಒಬ್ಬ ಕನ್ನಡತಿಯ ಕಥೆಯನ್ನು ಹೇಳಿದನು. ಆಕೆಯ ಹೆಸರು ಅರುಣಾ ರಾಮಚಂದ್ರ ಶಾನಭಾಗ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದಳು. 1973ರ ನವೆಂಬರ್ 27ರಂದು, ಆಕೆಯ ಶಿಸ್ತಿನ ಮಾತಿಗೆ ಹಗೆ ಸಾಧಿಸಿದ ಅಲ್ಲಿಯ ನೌಕರನೊಬ್ಬನು ಆಸ್ಪತ್ರೆಯೊಳಗೆಯೇ ನಾಯಿ ಕಟ್ಟುವ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದನು. ಮಿದುಳಿಗೆ ಪ್ರಾಣವಾಯು ನಿಂತು ಆಕೆ ಮತ್ತೆಂದೂ ಪೂರ್ಣ ಎಚ್ಚರಕ್ಕೆ ಬರಲಿಲ್ಲ. ಅಪರಾಧಿಗೆ ಹಲ್ಲೆ ಮತ್ತು ದರೋಡೆಯ ಆರೋಪಗಳ ಮೇಲೆ ಏಳು ವರ್ಷಗಳ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ. ಅವನು ಶಿಕ್ಷೆ ಮುಗಿಸಿ ಹೊರಟುಹೋದನು. ಅರುಣಾ ಆಸ್ಪತ್ರೆಯ ಒಂದು ಕೋಣೆಯಲ್ಲಿ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಮಲಗಿದಳು.

ಆಕೆಯನ್ನು ನೋಡಿಕೊಂಡವರು ಯಾರು? ಅದೇ ಆಸ್ಪತ್ರೆಯ ಶುಶ್ರೂಷಕಿಯರು. ಜೊತೆಗೆ ಕೆಲಸ ಮಾಡಿದವರು ನಿವೃತ್ತರಾದರು. ಆ ಘಟನೆಯ ಕಾಲಕ್ಕೆ ಹುಟ್ಟಿಯೇ ಇರದಿದ್ದ ಹೆಣ್ಣುಮಕ್ಕಳು ಬಿಳಿಯ ಉಡುಪು ತೊಟ್ಟು ಬಂದು ಆ ಕೆಲಸವನ್ನು ಕೈಗೆತ್ತಿಕೊಂಡರು. ಬಾಯಿಗೆ ತುತ್ತಿಡುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ದಿನವೂ ನಡೆಯಿತು. ವರ್ಷಗಟ್ಟಲೆ ಮಲಗಿದವರ ಬೆನ್ನು ಹುಣ್ಣಾಗುವುದು ಸಹಜ. ಆದರೆ ಅಷ್ಟು ದೀರ್ಘಕಾಲ ಮಲಗಿದ್ದರೂ ಆಕೆಗೆ ಹಾಸಿಗೆ ಹುಣ್ಣಾಗದಂತೆ ಅವರು ಕಾಪಾಡಿದ್ದನ್ನು ಸರ್ವೋಚ್ಚ ನ್ಯಾಯಾಲಯವೇ ಮೆಚ್ಚಿಕೊಂಡಿತು. ನಾವು ಕಾಯಕವೆಂದೂ ದಾಸೋಹವೆಂದೂ ವೇದಿಕೆಗಳಲ್ಲಿ ನುಡಿಯುತ್ತೇವೆ. ಮರಳಿ ಒಂದು ಕೃತಜ್ಞತೆಯ ಮಾತನ್ನೂ ಆಡಲಾರದವಳ ಮಗ್ಗುಲನ್ನು ದಿನವೂ ಬದಲಿಸಿದವರು ಅದನ್ನು ಆಡದೆ ಮಾಡಿದರು.

ಅರುಣಾಳ ಬದುಕನ್ನು ಪುಸ್ತಕವಾಗಿ ಬರೆದ ಪಿಂಕಿ ವಿರಾನಿ ಎಂಬ ಪತ್ರಕರ್ತೆ, ಈ ಯಾತನೆ ಮುಗಿಯಲಿ, ಆಹಾರ ನೀಡುವುದನ್ನು ನಿಲ್ಲಿಸಲು ಅಪ್ಪಣೆ ಕೊಡಿ ಎಂದು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನ್ ಸುಧಾ ಮಿಶ್ರಾ ಅವರ ಪೀಠ ತೀರ್ಪಿತ್ತಿತು. ವಿಷದ ಸೂಜಿಯಂಥದರಿಂದ ಪ್ರಾಣ ತೆಗೆಯುವುದು ಅಪರಾಧವೇ. ಆದರೆ ಗುಣವಾಗದ ರೋಗಿಗೆ ಜೀವ ಹಿಡಿದಿಡುವ ಕೃತಕ ಉಪಾಯಗಳನ್ನು ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಹಿಂತೆಗೆಯಬಹುದು ಎಂದಿತು. ಅರುಣಾಳ ಮಟ್ಟಿಗೆ ಮಾತ್ರ ಅರ್ಜಿ ತಿರಸ್ಕೃತವಾಯಿತು. ಏಕೆ? ಮಾತನಾಡಲಾರದವಳ ಪರವಾಗಿ ಮಾತನಾಡಲು ಯಾರು ಅರ್ಹರು ಎಂಬ ಪ್ರಶ್ನೆ ಬಂದಾಗ, ಪತ್ರಕರ್ತೆಯ ಕಳಕಳಿಯನ್ನು ಗೌರವಿಸುತ್ತಲೇ, ಹಗಲಿರುಳು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಆಕೆಗೆ ನಿಜವಾದ ಆಪ್ತರೆಂದು ನ್ಯಾಯಾಲಯ ಹೇಳಿತು. ಅವರು ಆಕೆ ಬದುಕಿರಲೆಂದು ಬಯಸಿದರು. 2015ರ ಮೇ 18ರಂದು ಶ್ವಾಸಕೋಶದ ಸೋಂಕಿನಿಂದ ಅರುಣಾ ತೀರಿಕೊಂಡಳು.

ಆ ಕಥೆ ಕೇಳಿ ನಾನು ನಾಲವಾರದವರೆಗೆ ಬಸ್ಸಿನಲ್ಲಿ ಮೌನವಾಗಿ ಬಂದೆನು. ಆ ಶುಶ್ರೂಷಕಿಯರ ನಿರ್ಣಯ ಸರಿಯೋ, ಪತ್ರಕರ್ತೆಯ ಬೇಡಿಕೆ ಸರಿಯೋ ಎಂಬ ವಿಚಾರದಲ್ಲಿ ಸಜ್ಜನರೂ ಭಿನ್ನಮತ ತಾಳಬಹುದು. ಅರುಣಾಳನ್ನೇ ಕೇಳುವ ದಾರಿಯಂತೂ ಯಾರಿಗೂ ಉಳಿದಿರಲಿಲ್ಲ. ನನಗೆ ಆ ದಾರಿಯಿತ್ತು. ಅದು ಮುಚ್ಚಿದ ಮೇಲೂ, ಅಕ್ಕನ ಬೆನ್ನು ಒರೆಸಿದ ಸೊಸೆ ಬೆಂಚಿನ ಮೇಲೆಯೇ ಕುಳಿತಿದ್ದಳು. ಅಕ್ಕ ಕರಡಿಗೆಯನ್ನು ಯಾರ ಕೈಗೆ ಕೊಡಿಸಿದಳೋ ಅವರನ್ನೇ ಕೇಳಿ ಎಂದು ಬೆರಳು ತೋರಿ ಹೇಳಿದ್ದಳಲ್ಲವೆ?

ನಾನು ಹುಡುಗರಿಗೆ ಸಂಸ್ಕೃತ ವ್ಯಾಕರಣ ಪಾಠ ಹೇಳುವವನು. 'ಶ್ರು' ಎಂಬ ಧಾತುವಿಗೆ ಕೇಳು ಎಂದರ್ಥ. ಅದಕ್ಕೆ ಇಚ್ಛಾರ್ಥದ ಪ್ರತ್ಯಯ ಸೇರಿ 'ಶುಶ್ರೂಷಾ' ಆಗುತ್ತದೆ. ಅಂದರೆ ಕೇಳಬೇಕೆಂಬ ಇಚ್ಛೆ. ಸೇವೆ ಎಂಬ ಅರ್ಥ ಅದರ ಮೇಲೆ ಬೆಳೆದುಬಂದುದು. ಈ ರೂಪಸಿದ್ಧಿಯನ್ನು ಕಪ್ಪು ಹಲಗೆಯ ಮೇಲೆ ನೂರು ಸಲ ಬರೆದಿದ್ದೇನೆ. ಚರಕಸಂಹಿತೆಯೂ ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಉಪಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವಗಳಿರಬೇಕೆನ್ನುತ್ತದೆ. ರೋಗಿಯ ಗುಣಗಳಲ್ಲಿ ಒಂದು ಜ್ಞಾಪಕತ್ವ, ಎಂದರೆ ತನ್ನ ಬಾಧೆಯನ್ನು ತಾನು ತಿಳಿಸಬಲ್ಲವನಾಗಿರುವುದು. ತಿಳಿಸುವವನಿಗೆ ಕೇಳುವವನು ಬೇಡವೆ? ನಾವು ನಾಲ್ಕನೆಯ ಪಾದವನ್ನು ಕಡಿದು, ಮಂಚವನ್ನು ಮೂರು ಕಾಲಿನ ಮೇಲೆ ನಿಲ್ಲಿಸಲು ಹೊರಟಿದ್ದೆವು.

ಇನ್ನು ಕಾನೂನಿನ ಮಾತು. 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೆಯ ವಿಧಿ ನೀಡಿದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದಿತು. ಸ್ವಸ್ಥಚಿತ್ತನಾದ ವಯಸ್ಕನು, ಮುಂದೆ ಗುಣವಾಗದ ಸ್ಥಿತಿಗೆ ತಲುಪಿ ಮಾತು ನಿಂತಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡಬಹುದು. ಮೊದಲು ಆ ವಿಧಾನವು ಬಹಳ ತೊಡಕಿನದಾಗಿತ್ತು. 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ಮಾತನಾಡತಕ್ಕ ಬಂಧುಗಳ ಹೆಸರನ್ನು ಅದರಲ್ಲಿ ಬರೆಯಬೇಕು. ಮನಸ್ಸು ಬದಲಾದರೆ ಪತ್ರವನ್ನು ಹಿಂತೆಗೆದುಕೊಳ್ಳಲೂಬಹುದು. ಪತ್ರವಿದೆಯೆಂದು ಕೂಡಲೇ ಯಾರೂ ಯಂತ್ರ ಕಳಚುವಂತಿಲ್ಲ. ಮೂವರು ವೈದ್ಯರ ಆಸ್ಪತ್ರೆಯ ಮಂಡಳಿ, ಅದರ ಮೇಲೆ ಮೂವರು ವೈದ್ಯರ ಇನ್ನೊಂದು ಮಂಡಳಿ ಪರೀಕ್ಷಿಸಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ಪತ್ರ ಬರೆದಿಡದ ರೋಗಿಯ ವಿಷಯದಲ್ಲಿಯೂ ಬಂಧುಗಳ ಒಪ್ಪಿಗೆಯೊಡನೆ ಇದೇ ಮಂಡಳಿಗಳು ವಿಚಾರ ಮಾಡಬಹುದು. ಈ ತೀರ್ಪನ್ನು ಜಾರಿಗೆ ತರಲು ನಮ್ಮ ಕರ್ನಾಟಕ ಸರಕಾರದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಆದೇಶ ಹೊರಡಿಸಿದೆ.

ಇದು ಆತ್ಮಹತ್ಯೆಯೂ ಅಲ್ಲ, ವೃದ್ಧರನ್ನು ಕೈಬಿಡುವ ಉಪಾಯವೂ ಅಲ್ಲ. ಖರ್ಚಿಗೆ ಅಂಜಿ ತಂದೆತಾಯಿಗಳ ಚಿಕಿತ್ಸೆ ನಿಲ್ಲಿಸಬಯಸುವವರಿಗೆ ಈ ತೀರ್ಪು ಆಸರೆಯಾಗದು. ಯಂತ್ರ ಬೇಡವೆಂದವರಿಗೂ ನೋವು ಶಮನಗೊಳಿಸುವ ಔಷಧ, ಬಾಯಾರಿಕೆಗೆ ನೀರು, ಶುಚಿಯಾದ ಹಾಸಿಗೆ, ಕೈ ಹಿಡಿಯುವ ಜನ ಇವೆಲ್ಲ ಬೇಕೇ ಬೇಕು. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆಯನ್ನು ನಾವು ಸತ್ತವರ ಹಿರಿಮೆ ಹೇಳಲು ಬಳಸುತ್ತೇವೆ. ಅದು ಸಾಯುವವರ ಸುತ್ತ ನಿಂತವರ ಗುಣವನ್ನೂ ಪರೀಕ್ಷಿಸುತ್ತದೆಂದು ನನಗೆ ತಡವಾಗಿ ತಿಳಿಯಿತು.

ಒಂದು ಮಾತನ್ನು ಶುಶ್ರೂಷಕಿಯರ ಪರವಾಗಿಯೂ ಹೇಳಬೇಕು. ಸೇಡಂ, ಚಿಂಚೋಳಿ, ಚಿತ್ತಾಪುರಗಳ ನಮ್ಮ ಎಷ್ಟೋ ಹೆಣ್ಣುಮಕ್ಕಳು ಇಂದು ನರ್ಸಿಂಗ್ ಓದುತ್ತಿದ್ದಾರೆ. ಆದರೆ ವಧು ನರ್ಸೆಂದು ಕೇಳಿದೊಡನೆ, "ರಾತ್ರಿ ಪಾಳಿ ಇರ್ತದಲ್ಲ" ಎಂದು ಮೂಗು ಮುರಿಯುವ ಮನೆತನಗಳು ನಮ್ಮಲ್ಲಿಯೇ ಇವೆ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನು. ರೋಗಿಯ ಸೇವೆಯನ್ನು ಕೀಳೆಣಿಸಲು ನಮಗೆ ಧರ್ಮದ ಆಧಾರವಿಲ್ಲ. ಆಸ್ಪತ್ರೆಯಲ್ಲಿ ಸಾವಾದೊಡನೆ ಎದುರಿಗೆ ಸಿಕ್ಕ ನರ್ಸಿನ ಮೇಲೆ ಕೈಯೆತ್ತುವವರೂ ಉಂಟು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಸೆರೆವಾಸವಾಗಬಹುದು. ಆದರೂ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ಪಾಳಿಯ ಮೇಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದ ಸುದ್ದಿ ಕೇಳಿದಾಗ, ಅರ್ಧ ಶತಮಾನ ಕಳೆದರೂ ಅರುಣಾಳಂಥವರು ನಿರ್ಭಯರಾಗಲಿಲ್ಲವಲ್ಲ ಎಂದು ಮನ ಮರುಗಿತು. ನಮ್ಮವರನ್ನು ಕಾಯುವವರನ್ನು ನಾವು ಕಾಯದಿದ್ದರೆ ಹೇಗೆ?

ಈಚೆಗೆ ಅಕ್ಕನ ಪುಣ್ಯಸ್ಮರಣೆಯ ಮರುದಿನ ನಾನು ಚಿತ್ತಾಪುರಕ್ಕೆ ಹೋಗಿ ನನ್ನ ಪತ್ರವನ್ನು ಬರೆಯಿಸಿದೆನು. ಗುಣವಾಗುವ ಆಸೆಯಿರುವವರೆಗೆ ಎಲ್ಲ ಚಿಕಿತ್ಸೆಯೂ ಆಗಲಿ. ಆಸೆ ಮುಗಿದ ಮೇಲೆ ಯಂತ್ರ ಬೇಡ, ನೋವು ಶಮನದ ಔಷಧವಿರಲಿ, ಸಾಧ್ಯವಾದರೆ ಮನೆಯಲ್ಲಿರಿಸಿ, ಲಿಂಗವು ಅಂಗದ ಮೇಲಿರಲಿ. ಮತ್ತು ಏನಾಗಿದೆಯೆಂಬುದನ್ನು ಮೊದಲು ನನಗೇ ತಿಳಿಸಿ ಎಂದು ಬರೆಯಿಸಿದೆನು. ನನ್ನ ಪರವಾಗಿ ಮಾತನಾಡುವವರ ಸ್ಥಾನದಲ್ಲಿ ಮಗನ ಹೆಸರಿನೊಡನೆ ಅಕ್ಕನ ಸೊಸೆಯ ಹೆಸರನ್ನೂ ಸೇರಿಸಿದೆನು. ಹಾಗೆ ಮಾಡುವ ಮುನ್ನ ಆಕೆಯ ಮನೆಗೆ ಹೋಗಿ, "ನಿನ್ನ ಹೆಸರು ಬರಸ್ಲೇನವ್ವ?" ಎಂದು ಕೇಳಿದೆನು. ಆಕೆ ಒಡನೆಯೇ ಉತ್ತರಿಸಲಿಲ್ಲ. ಒಳಗೆ ಹೋಗಿ ಅಕ್ಕನ ಬೆಳ್ಳಿಯ ಕರಡಿಗೆಯನ್ನು ತಂದು ಜಗಲಿಯ ಮೇಲಿಟ್ಟು, "ಈಗರೆ ಕೇಳಿದ್ರಲ್ಲ ಮಾವಾರ, ಬರಸ್ರಿ" ಎಂದಳು.

ಈಗ ಪ್ರವಚನದ ಬಳಿಕ ಕಂಬದ ಬಳಿ ಚೀಲ ಹಿಡಿದು ನಿಂತವರಿಗೆ ನಾನು ಸಹಿ ಮಾಡಿ ಎಂದಾಗಲಿ ಬೇಡವೆಂದಾಗಲಿ ಹೇಳುವುದಿಲ್ಲ. "ಮಲಗಿದವರನ್ನು ಕೇಳಿದಿರಾ? ಅವರ ಸೇವೆ ಮಾಡುತ್ತಿರುವವರನ್ನು ಕೇಳಿದಿರಾ?" ಎಂಬ ಎರಡು ಪ್ರಶ್ನೆಗಳನ್ನಷ್ಟೇ ಹಾಕುತ್ತೇನೆ. ಹಲವರು ತಲೆ ತಗ್ಗಿಸುವರು. ಅವರಿಗೆ ಇನ್ನೂ ಸಮಯವಿದೆ. ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಹಾಸಿಗೆ ಹಿಡಿದ ಹಿರಿಯರೊಬ್ಬರಿದ್ದರೆ ಇಂದು ಸಂಜೆ ದೀಪ ಹಚ್ಚಿದ ಬಳಿಕ ಅವರ ಬಳಿ ಸ್ವಲ್ಪ ಹೊತ್ತು ಕುಳಿತು ಕೇಳಿರಿ. ಶುಶ್ರೂಷೆಯು ಅಲ್ಲಿಂದಲೇ ಆರಂಭವಾಗುವುದು.